ಗಿರಮಲ್ಲಪ್ಪನ ಟಪಾಲು ಪೆಟ್ಟಿಗೆ

ಬನಹಟ್ಟಿಯ ಗಿರಮಲ್ಲಪ್ಪ ತನ್ನ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು, ಆ ಬುದ್ಧಿಯನ್ನೆಲ್ಲ ಅವನು ಸುರಿದದ್ದು ಬಾಗಿಲ ಪಕ್ಕದ ಟಪಾಲು ಪೆಟ್ಟಿಗೆಗೆ. ಎಣ್ಣೆ ಡಬ್ಬಿಯಿಂದ ಮಾಡಿದ್ದನ್ನು ಓಣಿಯ ಹುಡುಗರು ಒದ್ದು ಚಪ್ಪಟೆ ಮಾಡಿದರು. ದಪ್ಪ ತಗಡಿನದನ್ನು ಕಳ್ಳರು ಕಿತ್ತು ಹಳೆ ಸಾಮಾನಿನ ಮೋಡಕಾ ಅಂಗಡಿಗೆ ಮಾರಿದರು. ಕೊನೆಗೆ ಹಳೆಯ ಮಗ್ಗದ ಕಬ್ಬಿಣ ಬೆಸೆದು, ಗೋಡೆಯೊಳಗೆ ಸಿಮೆಂಟು ಹಾಕಿ ಹೂತು, ಎರಡು ಕೀಲಿ ಜಡಿದ. "ಇನ್ನ ಆನಿ ಬಂದ್ರೂ ಅಲಗಂಗಿಲ್ಲ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುವಾಗ, ತನಗೆ ಬರುವುದು ಸೊಸೈಟಿ ಸಭೆಯ ನೋಟೀಸೊಂದೇ ಎಂಬುದು ನೆನಪಾಗಿ ಅವನಿಗೇ ನಗು ಬರುತ್ತಿತ್ತು. ಇಂಥ ಕೋಟೆಯ ಬಾಯಿಗೂ ಯಾರೋ ಜೋಳದ ಹಿಟ್ಟು ಮೆತ್ತತೊಡಗಿದರು. ಕಿಡಿಗೇಡಿಯನ್ನು ಹಿಡಿಯಲು ಬಾಗಿಲ ಹಿಂದೆ ಅಡಗಿ ಕೂತವನಿಗೆ ಸಿಕ್ಕಿದ್ದು ಹೆತ್ತ ತಾಯಿ ಮಾಯವ್ವ. "ನೀನ ಏನಬೇ ಯವ್ವಾ?" "ಹೂಂ, ನಾನ ಮೆತ್ತೇನಲೇ. ಪೆಟಗಿ ಇಲ್ಲದಾಗ ಟಪಾಲಿನಾಂವ ಓಣಿಗೆಲ್ಲ ಕೇಳೂವಂಗ 'ಗಿರಮಲ್ಲಪ್ಪ, ಬಿ.ಎ.!' ಅಂತ ಒದರತಿದ್ದ. ಈಗ ಸುಮ್ಮನ ತೂರಿಸಿ ಹೋಗತಾನ. ನನಗ ಓದಾಕ ಬರಂಗಿಲ್ಲ, ಕೇಳಾಕರ ಬರತೈತಿ." ಗಿರಮಲ್ಲಪ್ಪ ಈಗಲೂ ಪೆಟ್ಟಿಗೆಗೆ ಬಣ್ಣ ಬಳಿಯುತ್ತಾನೆ, ಕೀಲಿಗೆ ಎಣ್ಣೆ ಬಿಡುತ್ತಾನೆ, ಅವ್ವ ಮರೆತ ದಿನ ಹಿಟ್ಟು ಕಲಸಿ ಅದರ ಬಾಯಿಗೆ ತಾನೇ ಮೆತ್ತುತ್ತಾನೆ.