ಯಾರಿಗೂ ಕಳಿಸದ ಮೂರನೆಯ ಫೋಟೊ

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ಪೂರ್ತಿ ಬಾಗಿಲು ತೆರೆದ ವರ್ಷ. ನಾನಾಗ ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೈಬರ್ ಸೆಕ್ಯುರಿಟಿ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಕಲಿಸುತ್ತಿದ್ದೆ. ಫೋನು, ಕಂಪ್ಯೂಟರುಗಳಲ್ಲಿ ಉಳಿದ ಗುರುತುಗಳಿಂದ ಏನು ನಡೆಯಿತೆಂದು ಪತ್ತೆ ಹಚ್ಚುವ ವಿದ್ಯೆಯೇ ಫೊರೆನ್ಸಿಕ್ಸ್. ಪೊಲೀಸರು ಕೆಲವೊಮ್ಮೆ ಪತ್ರ ಬರೆದು ನಮ್ಮ ಲ್ಯಾಬಿನ ನೆರವು ಕೇಳುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ನನಗೆ ಕಾಲೇಜಿನಲ್ಲಿ ಹೆಸರಿತ್ತು. ಈ ಕೇಸಿನಲ್ಲಿ ಮಾತ್ರ ಆ ಕೋಪವನ್ನು ಯಾರ ಮೇಲೆ ತೋರಿಸಬೇಕೆಂದು ನನಗೆ ತಿಳಿಯಲಿಲ್ಲ.

ಹುಡುಗಿಯನ್ನು ಸೌಮ್ಯ ಎಂದು ಕರೆಯೋಣ. ಇಲ್ಲಿರುವ ಹೆಸರುಗಳೆಲ್ಲ ಬದಲಿಸಿದವು. ಅರಕಲಗೂಡಿನ ಹತ್ತಿರದ ಹಳ್ಳಿಯವಳು, ಹೊಳೆನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಅಪ್ಪ ಸಿದ್ದಯ್ಯ ಪಂಚಾಯಿತಿಯ ನೀರಗಂಟಿ, ಊರಿನ ನಲ್ಲಿಗಳಿಗೆ ನೀರು ಬಿಡುವ ಕೆಲಸ. ಚನ್ನರಾಯಪಟ್ಟಣದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಲೋಕೇಶನ ಜೊತೆ ಅವಳಿಗೆ ನಿಶ್ಚಿತಾರ್ಥವಾಗಿತ್ತು. ಮದುವೆಗೆಂದು ಹೊಲಿಯಲು ಕೊಟ್ಟಿದ್ದ ಬ್ಲೌಸ್ ಬಂದ ದಿನ ಅದನ್ನು ಹಾಕಿಕೊಂಡು, ಸೀರೆ ಉಡುವ ಮೊದಲೇ ಕನ್ನಡಿ ಮುಂದೆ ನಿಂತು ಫೋಟೊ ತೆಗೆದು ಅವನಿಗೆ ಕಳಿಸಿದ್ದಳು. ಮದುವೆಯಾಗುವ ಹುಡುಗನಿಗೆ ಬ್ಲೌಸ್ ಚೆನ್ನಾಗಿದೆಯಾ ಎಂದು ಕೇಳಿದ್ದು, ಅಷ್ಟೇ.

ಕೆಲವು ದಿನಗಳ ನಂತರ ಆ ಫೋಟೊಗಳು ಯಾವುದೋ ಗೊತ್ತಿಲ್ಲದ ನಂಬರಿನಿಂದ ಊರಿನ ನಾಲ್ಕಾರು ಜನರ ವಾಟ್ಸಾಪ್‌ಗೆ ಬಂದವು. ಅವರಿಂದ ಊರೆಲ್ಲ ಹರಡಿದವು. ಸಿಮ್ ಬೇರೆ ಯಾರದೋ ಹೆಸರಿನಲ್ಲಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹುಡುಗನಿಗೆ ತಾನೇ ಕಳಿಸಿದ್ದು, ಇನ್ಯಾರು ಬಿಟ್ಟಾರು ಎಂದು ಒಬ್ಬರು ಅಂದರು, ಎಲ್ಲರೂ ಹೌದೆಂದರು. ನಿಶ್ಚಿತಾರ್ಥ ಮುರಿಯಿತು. ಲೋಕೇಶನ ಮೇಲೆ ದೂರು ದಾಖಲಾಯಿತು. ಅವನು ಕೆಲಸ ಮಾಡುತ್ತಿದ್ದ ಕಡೆಯವರು, ಇದೆಲ್ಲ ಮುಗಿಯುವ ತನಕ ಬರಬೇಡಪ್ಪ ಎಂದು ಕಳಿಸಿಬಿಟ್ಟರು.

ಎಸ್‌ಐ ಇಬ್ಬರ ಫೋನುಗಳನ್ನೂ ಸೀಲು ಮಾಡಿದ ಕವರಿನಲ್ಲಿ ತಂದರು. ನಮ್ಮ ಕೆಲಸದ ಮೊದಲ ಪಾಠವೆಂದರೆ ಮೂಲ ಫೋನನ್ನು ಕೆದಕಬಾರದು. ಅದರೊಳಗಿನದ್ದನ್ನು ನಕಲು ತೆಗೆದುಕೊಂಡು ಆ ನಕಲಿನಲ್ಲೇ ಹುಡುಕಬೇಕು. ನಾನು ಎರಡರ ನಕಲನ್ನೂ ತೆಗೆದೆ. ಲೋಕೇಶನ ಫೋನಿನಲ್ಲಿ ಸೌಮ್ಯಳ ಎರಡು ಫೋಟೊ ಇದ್ದವು. ಅವನು ಅವನ್ನು ಯಾರಿಗೂ ಕಳಿಸಿದ ಗುರುತಿರಲಿಲ್ಲ. ಊರಿನಲ್ಲಿ ಹರಡಿದ್ದ ಫೋಟೊಗಳನ್ನು ಎಸ್‌ಐ ಬೇರೆ ಕವರಿನಲ್ಲಿ ಕೊಟ್ಟಿದ್ದರು. ತೆಗೆದು ನೋಡಿದರೆ ಮೂರಿದ್ದವು.

ಸೌಮ್ಯಳನ್ನು ಕರೆಸಿದೆವು. ಜೊತೆಗೆ ಸಿದ್ದಯ್ಯನವರೂ ಬಂದು ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತರು. ಹುಡುಗಿ ಸೊರಗಿಹೋಗಿದ್ದಳು. ಶಾಲೆ ಬಿಟ್ಟಿದ್ದಳು.

"ಹೋದ ಮದ್ವೆ ಹೋಯ್ತು ಮೇಡಂ. ಅವ್ರೇ ಕಳ್ಸಿದ್ರಾ ಇಲ್ವಾ, ಅದೊಂದ್ ಗೊತ್ತಾಗ್ಬೇಕು ನಂಗೆ" ಎಂದಳು.

"ನೀನು ಲೋಕೇಶಂಗೆ ಎಷ್ಟು ಫೋಟೊ ಕಳಿಸಿದ್ದೆಯಮ್ಮ?"

"ಎರಡು."

"ಹರಡಿರೋದು ಮೂರಿದೆಯಲ್ಲ?"

"ಮೂರಾ?" ಎಂದಳು. ಆಮೇಲೆ ತಿಳಿಯಿತು, ಹರಡಿದ ಫೋಟೊಗಳನ್ನು ಅವಳು ನೋಡಿಯೇ ಇರಲಿಲ್ಲ. ಊರೆಲ್ಲ ನೋಡಿದೆ, ಮನೆಯ ಹಿರಿಯರು ನೋಡಿದ್ದಾರೆ, ಪಂಚಾಯಿತಿ ಮಾಡಿದ್ದಾರೆ, ಸಂಬಂಧ ಮುರಿದಿದ್ದಾರೆ. ಫೋಟೊದಲ್ಲಿರುವವಳನ್ನು ಮಾತ್ರ ಒಬ್ಬರೂ ಒಂದು ಮಾತು ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮೂರನ್ನೂ ಅವಳ ಮುಂದಿಟ್ಟೆ.

"ಇದು ಚೆನ್ನಾಗ್ ಬರ್ಲಿಲ್ಲ ಅಂತ ನಾನ್ ಯಾರ್ಗೂ ಕಳ್ಸಿಲ್ಲ ಮೇಡಂ" ಎಂದು ಮೂರನೆಯದರ ಮೇಲೆ ಬೆರಳಿಟ್ಟಳು. ನಂತರ, ಬಹಳ ಸಣ್ಣ ದನಿಯಲ್ಲಿ, "ಅಂಗಾದ್ರೆ ಅವ್ರಲ್ಲ" ಎಂದಳು.

ಅವನಲ್ಲ ಎಂಬುದು ಅಷ್ಟು ಸುಲಭವಾಗಿ ಸಾಬೀತಾಗಿಬಿಟ್ಟಿತು. ಮತ್ತೆ ಯಾರು? ಅವಳ ಫೋನಿನಲ್ಲಿದ್ದ ಮೇಲ್ ಐಡಿಯನ್ನು ಪರಿಶೀಲಿಸಿದಾಗ, ಅದೇ ಐಡಿಗೆ ಇನ್ನೊಂದು ಫೋನೂ ಜೋಡಣೆಯಾಗಿರುವುದು ಕಂಡಿತು. ಅದು ಅಪ್ಪನ ಫೋನು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಫೋನು ಕೊಂಡಾಗ ಮೊಬೈಲ್ ಅಂಗಡಿಯವನು ಮನೆಗೊಂದು ಮೇಲ್ ಐಡಿ ಮಾಡಿ, ಎಲ್ಲರ ಫೋನಿಗೂ ಅದನ್ನೇ ಹಾಕಿಕೊಡುತ್ತಾನೆ. ಮನೆಯವರೂ ಪಡಿತರ ಚೀಟಿಯಂತೆ ಇದೂ ಮನೆಗೊಂದೇ ಎಂದುಕೊಂಡಿರುತ್ತಾರೆ. ಮಗಳು ತೆಗೆದ ಫೋಟೊ ತಾನೇ ತಾನಾಗಿ ಬ್ಯಾಕಪ್ ಆಗಿ, ಅಂದರೆ ಇಂಟರ್ನೆಟ್ಟಿನಲ್ಲಿ ಆ ಖಾತೆಗೆ ಸೇರಿ, ಅಲ್ಲಿಂದ ಅಪ್ಪನ ಫೋನಿನಲ್ಲೂ ಕಾಣಿಸುತ್ತದೆ. ಇಬ್ಬರಿಗೂ ಅದು ಗೊತ್ತಿರುವುದಿಲ್ಲ.

ಸಿದ್ದಯ್ಯನವರ ಫೋನನ್ನೂ ಎಸ್‌ಐ ಪಡೆದು ಕೊಟ್ಟರು. ಆ ಮೂರು ಫೋಟೊಗಳು ಅದರಿಂದ ಬ್ಲೂಟೂತ್ ಮೂಲಕ ಪಕ್ಕದಲ್ಲಿದ್ದ ಇನ್ಯಾವುದೋ ಫೋನಿಗೆ ಹೋದ ದಾಖಲೆ ಅದರಲ್ಲಿತ್ತು. ಕರೆ ಬಂದರೆ ಎತ್ತುವುದು, ಫೋಟೊ ತೆರೆದು ನೋಡುವುದು ಬಿಟ್ಟು ಬೇರೇನೂ ಬಾರದ ಮನುಷ್ಯ ಮಾಡುವ ಕೆಲಸವಲ್ಲ ಅದು. ಮಗಳನ್ನು ಒಳಗೇ ಕೂರಿಸಿ, ನಾನು ಮತ್ತು ಎಸ್‌ಐ ಹೊರಗೆ ಬಂದೆವು. ಫೋನು ಯಾರ ಕೈಗಾದರೂ ಕೊಟ್ಟಿದ್ದಿರಾ ಎಂದು ಕೇಳಿದೆ. ಸಿದ್ದಯ್ಯ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

"ದೊಡ್ ಮಗಳ್ ಮಗಿನ್ ಫೋಟೊ ನೋಡಾನ ಅಂತ ತೆಗ್ದೆ ಮೇಡಮ್ಮಾರೆ, ಇವು ಬಂದ್ಬುಟ್ವು. ನಾನ್ ನೋಡ್ದೆ ಅಂತ ಮಗೀಗೆ ಗೊತ್ತಾಗ್ಬಾರ್ದು ಅಂತವ ಮೊಬೈಲ್ ಅಂಗ್ಡಿಗ್ ತಕ್ಕೊಂಡೋಗಿ, ಇವ್ನ ಅಳಿಸ್ಬುಡಪ್ಪ ಅಂತ ಅಲ್ ಕೆಲ್ಸ ಮಾಡೋನ್ ಕೈಗ್ ಕೊಟ್ಟೆ. ನಾಚ್ಕೆ ಆಗಿ ನಾನು ಆಚೆ ಬಂದ್ ನಿಂತ್ಕಂಡೆ."

"ಊರೆಲ್ಲ ಆ ಹುಡುಗನನ್ನ ಬಯ್ಯುವಾಗ ಇದನ್ನ ಯಾಕೆ ಹೇಳಲಿಲ್ಲ?" ನನ್ನ ದನಿ ಏರಿತ್ತು.

"ಮಗಳ್ ಮುಖ ನೋಡ್ಕಂಡು ಎಂಗ್ ಹೇಳ್ಲವ್ವ?"

ಬೈಯಬೇಕೆಂದು ತೆರೆದ ಬಾಯನ್ನು ಮುಚ್ಚಿಕೊಂಡೆ. ಮಗಳ ಮಾನ ಕಾಯಲು ಹೊರಗೆ ಹೋಗಿ ನಿಂತ ಮನುಷ್ಯನಿಗೆ ನಾನೇನು ಹೇಳಲಿ? ಒಳಗೆ ನಿಂತಿದ್ದರೆ ಆ ದರಿದ್ರದವನಿಗೆ ನಕಲು ಮಾಡಿಕೊಳ್ಳುವ ಧೈರ್ಯ ಬರುತ್ತಿರಲಿಲ್ಲ. ಆ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ಅವರಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು.

ಅಂಗಡಿಯ ಕೆಲಸಗಾರನನ್ನು ಪೊಲೀಸರು ಹಿಡಿದರು. ಫೋಟೊಗಳು ಅವನ ಫೋನಿನಲ್ಲೇ ಸಿಕ್ಕವು. ನನ್ನ ಟಿಪ್ಪಣಿ ಎಸ್‌ಐ ಕೈ ಸೇರಿತು, ಲೋಕೇಶನ ಹೆಸರು ಕೇಸಿನಿಂದ ಹೊರಬಂತು. ಆದರೆ ಅಷ್ಟರಲ್ಲಿ ಅವನ ಮನೆಯವರು, ಮರ್ಯಾದೆ ಹೋದ ಹುಡುಗನಿಗೆ ಇನ್ನು ಯಾರು ಹೆಣ್ಣು ಕೊಡುತ್ತಾರೆ ಎಂದು ಹೆದರಿ, ನೆಂಟರಲ್ಲೇ ಒಂದು ಹುಡುಗಿ ನೋಡಿ ಮದುವೆ ಮಾಡಿಬಿಟ್ಟಿದ್ದರು. ಅವನು ಫೋನು ವಾಪಸು ಪಡೆಯಲು ಬಂದಾಗ ನಿನ್ನ ಹೆಸರು ಕ್ಲೀನ್ ಆಯಿತಲ್ಲಪ್ಪ ಎಂದೆ. "ಆಯ್ತು ಮೇಡಂ" ಎಂದು ಸಹಿ ಹಾಕಿ ಹೋದ. ಸೌಮ್ಯಳ ವಿಚಾರ ಕೇಳಲಿಲ್ಲ.

ಸೌಮ್ಯ ಒಂದು ಮಧ್ಯಾಹ್ನ ಒಬ್ಬಳೇ ಬಂದಳು. ವಿಷಯವೆಲ್ಲ ಅವಳಿಗೆ ತಿಳಿದಿತ್ತು.

"ಅಪ್ಪ ಊಟನೇ ಮಾಡ್ತಿಲ್ಲ ಮೇಡಂ. ನಂಗ್ ಅವ್ರ್ ಮೇಲೆ ಕೋಪ ಇಲ್ಲ" ಎಂದಳು. ಪೊಲೀಸರಿಂದ ವಾಪಸು ಬಂದಿದ್ದ ತನ್ನ ಫೋನನ್ನು ಮೇಜಿನ ಮೇಲಿಟ್ಟಳು.

"ಫೋಟೊ ಹರಡಿದ್ ದಿನಾನೇ ನಾನ್ ಅವ್ರನ್ನ ಬ್ಲಾಕ್ ಮಾಡ್ಬುಟ್ಟೆ. ಆಮೇಲ್ ಅವ್ರೇನಾದ್ರೂ ಮೆಸೇಜ್ ಕಳ್ಸಿದ್ರೆ, ಅದ್ನ ಇದ್ರಲ್ ತೆಗ್ಯಕ್ಕಾಗುತ್ತಾ ಮೇಡಂ?"

ಬ್ಲಾಕ್ ಮಾಡಿದ ಮೇಲೆ ಕಳಿಸಿದ ಸಂದೇಶ ಈ ಕಡೆಯ ಫೋನಿಗೆ ಬರುವುದೇ ಇಲ್ಲ. ಬಾರದೇ ಇದ್ದದ್ದನ್ನು ಯಾವ ಸಾಫ್ಟ್‌ವೇರ್ ತಾನೇ ತೆಗೆದೀತು? "ಇಲ್ಲಮ್ಮ, ಆಗಲ್ಲ" ಎಂದೆ. ಅದು ಸುಳ್ಳಲ್ಲ.

ಆದರೆ ಲೋಕೇಶನ ಫೋನನ್ನು ಪರೀಕ್ಷಿಸಿದವಳೂ ನಾನೇ. ಅವಳನ್ನು ತಲುಪದೆ ಒಂದೇ ಟಿಕ್ ಬಿದ್ದು ನಿಂತ ಆ ಸಂದೇಶಗಳನ್ನೆಲ್ಲ ಓದಿದ್ದೆ. ಅವನು ಫೋನನ್ನು ಪೊಲೀಸರಿಗೆ ಒಪ್ಪಿಸುವ ಹಿಂದಿನ ದಿನದ ತನಕ ಬರೆದಿದ್ದ. ಏನು ಬರೆದಿದ್ದ ಎಂಬುದನ್ನು ಅವಳಿಗೆ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಕೇಸಿಗೆ ಬೇಕಾದದ್ದನ್ನು ಬಿಟ್ಟು ಬೇರೆ ಕಂಡದ್ದನ್ನು ಆಡಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ನಿವೃತ್ತಿಯಾಗುವ ತನಕ ಅದನ್ನು ಮಕ್ಕಳಿಗೆ ಕಲಿಸಿದೆ, ಅದು ಸರಿಯಾದದ್ದೇ. ಅದನ್ನು ಪಾಲಿಸುವಾಗ ಇಷ್ಟು ಸಂಕಟವಾಗಬಹುದು ಎಂಬುದನ್ನು ನನಗೆ ಕಲಿಸಿದವಳು ಸೌಮ್ಯ. "ಕಳ್ಸಿರಲ್ಲ ಬಿಡಿ ಮೇಡಂ, ಅವ್ರಿಗೂ ಬೇಜಾರಾಗಿರುತ್ತೆ" ಎಂದು ಫೋನು ಎತ್ತಿಕೊಂಡು, ಅರಕಲಗೂಡಿನ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ನಾನು ಹೂಂ ಎಂದೆ.