ಕಾಜದಕ್ಕ ಕಂಡ ಉಲ್ಕೆಗಳು

ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ. ಕಾಜದಕ್ಕ ತಾರಸಿಯ ಚಾಪೆಯ ಮೇಲೆ ಅಂಗಾತ ಮಲಗಿ, ದಪ್ಪ ಗಾಜಿನ ಕನ್ನಡಕವನ್ನು ಶಾಲಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದಳು. ಅಂಗಿ ಕಾರ್ಖಾನೆಯಲ್ಲಿ ಗುಂಡಿಯ ತೂತಿಗೆ ಅಂಚು ಹೊಲಿಯುವ ಕಾಜದ ಕೆಲಸ ಅವಳದು. ಹೆಸರು ಅಂಟಿದ್ದು ಹಾಗೆ. ಎಡಗಣ್ಣು ಚಿಕ್ಕಂದಿನಿಂದಲೂ ಮಂಜು. ತಾಯಿಯಿಲ್ಲದ ತಮ್ಮನನ್ನು ಓದಿಸಿದ್ದು ಬಲಗಣ್ಣೊಂದರ ದುಡಿಮೆ.

ಆ ತಮ್ಮ ಈಗ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ. ಉಲ್ಕೆಗಳೆಂದರೆ ಅವನಿಗೆ ಪ್ರಾಣ. ಪ್ರತಿ ವರ್ಷ ಉಲ್ಕೆಗಳ ಮಳೆ ನೋಡಲು ಅವನು ಕರೆದಾಗಲೂ "ನಿದ್ದೆ ಕೆಡಿಸ್ಬೇಡ ಹೋಗೋ" ಎಂದು ಮಗ್ಗುಲು ಬದಲಿಸುತ್ತಿದ್ದವಳು ಈ ಸಲ ತಾನೇ ಮೆಟ್ಟಿಲು ಹತ್ತಿ ಬಂದಿದ್ದಳು.

ಹಸಿರು ತಲೆಯ ಉಲ್ಕೆಯೊಂದು ಜಾರಿತು. ಅದು ಬಿಟ್ಟುಹೋದ ಬೆಳಕಿನ ಗೆರೆ ಆರದೆ, ಎತ್ತರದ ಗಾಳಿಗೆ ನಿಧಾನವಾಗಿ ಸೊಟ್ಟಗಾಯಿತು.

"ಅಯ್ಯೋ, ಹೊಲಿಗೆ ಬಿಚ್ಚೋಯ್ತಲ್ಲೋ!"

ತಮ್ಮ ನಕ್ಕ. "ನೇರ ನಮ್ಮ ಕಡೆಗೇ ಬರೋ ಉಲ್ಕೆ ಓಡೋದೇ ಇಲ್ಲ ಅಕ್ಕ. ನಿಂತಲ್ಲೇ ಚುಕ್ಕಿ ಥರ ಹೊಳೆದು ಆರುತ್ತೆ."

"ನಿನ್ನ ಆಕಾಶದಲ್ಲೂ ಸೋಮಾರಿಗಳಿದಾರೆ ಅನ್ನು."

ಸ್ವಲ್ಪ ಹೊತ್ತಿಗೆ ಅವಳು ಕೈ ಎತ್ತಿದಳು. "ಅಗೋ, ಬಲಗಡೆ ಅಂಚಲ್ಲಿ! ಬಿಲ್ಲಿನ ಹಾಗೆ ಬಾಗಿತ್ತು!" ಅವನು ತಿರುಗುವಷ್ಟರಲ್ಲಿ ಏನೂ ಇರಲಿಲ್ಲ. ಮತ್ತೊಂದು. ಇನ್ನೊಂದು. ಎಲ್ಲವೂ ಬಲಕ್ಕೇ, ಎಲ್ಲವೂ ಬಾಗಿದವೇ. ವಿದ್ಯಾರ್ಥಿಯೊಬ್ಬ ಹೀಗೆ ಹೇಳಿದ್ದರೆ ಅವನು ಹತ್ತು ಪ್ರಶ್ನೆ ಹಾಕುತ್ತಿದ್ದ. ಕಣ್ಣು ಮುಚ್ಚಿದರೂ ಕಾಣುತ್ತದೆಯೇ ಎಂಬ ಒಂದೇ ಪ್ರಶ್ನೆ ಸಾಕಿತ್ತು. ಆದರೆ ಅಕ್ಕ ಮಗುವಿನಂತೆ ಕೇಕೆ ಹಾಕುತ್ತಿದ್ದಳು. ವಿಚಿತ್ರಗಳಿಗೆಲ್ಲ ಆಕಾಶದಲ್ಲಿ ಜಾಗವಿದೆ ಎಂದುಕೊಂಡು ಅವನು ಸುಮ್ಮನಾದ.

ನಾಲ್ಕನೆಯ ದಿನ ಮಧ್ಯಾಹ್ನ, ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾಗಲೇ, ಬಲಗಣ್ಣಿಗೆ ಕಪ್ಪು ಪರದೆ ಇಳಿಯಿತು.

ಆಪರೇಷನ್ ಆಯಿತು, ಬೆಳಕು ಬರಲಿಲ್ಲ. ಡಾಕ್ಟರು ತಮ್ಮನನ್ನು ಹೊರಗೆ ಕರೆದರು. "ಕಣ್ಣಿನ ಹಿಂದಿನ ಪರದೆ, ರೆಟಿನಾ, ಕಿತ್ತು ಬರುವಾಗ ಅಂಚಲ್ಲಿ ಮಿಂಚಿನ ಗೆರೆ ಕಾಣುತ್ತೆ. ಅವತ್ತೇ ಕರ್ಕೊಂಡು ಬಂದಿದ್ರೆ ಉಳೀತಿತ್ತೇನೋ. ಅವರೇನೂ ಹೇಳಲಿಲ್ವಾ?"

ಹೇಳಿದ್ದಳು, ತಾರಸಿಯ ಮೇಲೆ.

ಇದನ್ನು ಅಕ್ಕನಿಗೆ ಹೇಳಿಬಿಡಬೇಕೆಂದು ದಿನವೂ ಅವಳ ಮಂಚದ ಬಳಿ ಕೂರುತ್ತಾನೆ. ಒಂದು ಸಂಜೆ ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು, "ಹೀಗಾಗಬಾರದಿತ್ತು ಕಣೇ" ಎಂದು ಕಣ್ಣೊರೆಸಿಕೊಂಡಳು.

"ಬಿಡೇ, ಕಣ್ಣು ಹೋಗೋ ಮುಂಚೆ ಆಕಾಶ ನೋಡಿಬಿಟ್ಟೆ" ಎಂದು ಕಾಜದಕ್ಕ ತಮ್ಮನ ಕೈಯನ್ನು ತಡವಿ ಹಿಡಿದಳು. "ಓದಿದೋನು ಇವನು, ಇವನಿಗೆ ಕಂಡಿದ್ದು ಬರೀ ಆರು. ನನಗೆ ಇಪ್ಪತ್ತಮೂರು!"