ಸೀಸಕ್ಕೆ ವಾಸನೆಯಿಲ್ಲ

ನಮ್ಮ ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಹೊಟ್ಟೆಪಾಡೂ ಆ ಮೂಗಿನಿಂದಲೇ. ನೀರಿನ ಫಿಲ್ಟರ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಅವಳು ಕೊಳವೆಗಳಿಗೆ ತಾಮ್ರ-ಸತುವಿನ ಮಿಶ್ರಲೋಹದ ಹರಳು ತುಂಬಿ, ಕ್ಲೋರಿನ್ ನೀರು ಹಾಯಿಸಿ, ಮೂಸಿ ನೋಡುತ್ತಿದ್ದಳು. ವಾಸನೆ ಹೋಗಿದ್ದರೆ ಪಾಸು. ಆ ಹರಳು ತಾಕಿದರೆ ಕ್ಲೋರಿನ್ ತನ್ನ ಘಾಟು ಕಳೆದುಕೊಳ್ಳುತ್ತದೆ, ನೀರಲ್ಲಿರುವ ಸೀಸ ಹರಳಿಗೇ ಅಂಟಿಕೊಳ್ಳುತ್ತದೆ. ಪಕ್ಕದ ಮೇಜಿನಲ್ಲಿ ಮುಚ್ಚಳ ಬಿಗಿಯುತ್ತಿದ್ದ ನನಗೆ ಇದನ್ನು ಕಲಿಸಿದವಳೂ ಅವಳೇ, ತಲೆಗೊಂದು ಮೊಟಕಿ.

ಒಂದು ಬೆಳಿಗ್ಗೆ ಹರಳಿನ ಡ್ರಮ್ಮಿಗೆ ಕೈ ಹಾಕಿದವಳು ಹಾಗೇ ನಿಂತಳು. ಹಳದಿ ಹೊಳಪೇನೋ ಸರಿಯಾಗಿತ್ತು, ಬೆರಳಿಗೆ ಸಿಕ್ಕಿದ್ದು ಮಾತ್ರ ಸುರುಳಿ ಸುರುಳಿ ಚೂರು. ದೊಡ್ಡಪ್ಪ ಬದುಕಿಡೀ ಲೇತ್ ಯಂತ್ರ ನಡೆಸಿದವರು. ಅವರ ಅಂಗಿ ಒಗೆಯುವಾಗ ಜೇಬಿನಿಂದ ಉದುರುತ್ತಿದ್ದದ್ದು ಇದೇ ಹಿತ್ತಾಳೆ ತುರಿ. ಹಿತ್ತಾಳೆಯೂ ತಾಮ್ರ-ಸತುವೇ, ಆದರೆ ಸಲೀಸಾಗಿ ಕೊರೆಯಲೆಂದು ಅದಕ್ಕೆ ಸೀಸ ಬೆರೆಸುತ್ತಾರೆ ಎಂದು ಅವರೇ ಹೇಳಿದ್ದರು.

"ಇದನ್ನ ನಾನು ತುಂಬಲ್ಲ," ಎಂದಳು ದೊಡ್ಡಮ್ಮ. ಅವತ್ತಿನ ನಲವತ್ತು ಫಿಲ್ಟರ್ ಹೆರಿಗೆ ಆಸ್ಪತ್ರೆಗೆ ಹೋಗಬೇಕಿತ್ತು.

ಕಾರ್ಖಾನೆಯ ಯಜಮಾನರು ತಾವೇ ಒಂದು ಕೊಳವೆಗೆ ತುರಿ ತುಂಬಿ, ಕ್ಲೋರಿನ್ ನೀರು ಹಾಯಿಸಿ, ಲೋಟವನ್ನು ಅವಳ ಮೂಗಿಗೆ ಹಿಡಿದರು. "ವಾಸನೆ ಇದ್ಯಾ?"

ದೊಡ್ಡಮ್ಮ ಮೂಸಿದಳು. "ಇಲ್ಲ."

"ಮತ್ತೇನು ನಿನ್ನ ತಕರಾರು?"

"ಬೆಳ್ಳಗಿರೋದೆಲ್ಲ ಹಾಲಲ್ಲ ಯಜಮಾನ್ರೇ. ಕ್ಲೋರಿನ್ ಹೋಯ್ತು, ಸೀಸ ಬಂತು. ಸೀಸಕ್ಕೆಲ್ಲಿ ವಾಸನೆ?"

"ಮೂಸೋಕೆ ಸಂಬಳ ಕೊಡೋದು, ಭಾಷಣಕ್ಕಲ್ಲ. ನಾಳೆಯಿಂದ ಬರಬೇಡ." ಯಜಮಾನರು ಅರ್ಧ ಲೋಟ ಗಟಗಟ ಕುಡಿದು ಮೇಜಿನ ಮೇಲೆ ಕುಕ್ಕಿದರು. "ನೋಡು, ಸತ್ತೆನಾ?"

"ನೀವು ಕಲ್ಲು ತಿಂದ್ರೂ ಅರಗಿಸ್ಕೊಳ್ಳೋರು. ಅಲ್ಲಿ ಕುಡಿಯೋರು ಬಸುರಿ ಹೆಂಗಸ್ರು."

ನನಗಂತೂ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಅಷ್ಟರಲ್ಲಿ ಗಲಾಟೆ ಕೇಳಿ ಆಫೀಸು ಕೋಣೆಯಿಂದ ಯಜಮಾನರ ಮಗಳು ಬಂದಳು. ಏಳು ತಿಂಗಳ ಬಸುರಿ, ಮೆಟ್ಟಿಲಿಳಿದು ಏದುಸಿರು ಬಿಡುತ್ತಿದ್ದಳು. "ಏನಪ್ಪಾ ಇದು ಕೂಗಾಟ?" ಎನ್ನುತ್ತ ಮೇಜಿನ ಮೇಲಿದ್ದ ಲೋಟ ಎತ್ತಿ ಬಾಯಿಗಿಟ್ಟಳು.

ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಯಜಮಾನರ ಕೈ ಲೋಟಕ್ಕೆ ಬಡಿದಿತ್ತು. "ಬೇಡಮ್ಮಾ!"

ಲೋಟ ಉರುಳಿತು, ನೀರು ನಮ್ಮ ಕಾಲಡಿಗೆ ಬಂತು. ಮಗಳು ಅಪ್ಪನ ಮುಖ ನೋಡಿದಳು. ಯಜಮಾನರು ನೆಲ ನೋಡಿದರು.

ದೊಡ್ಡಮ್ಮ ತುರಿಯ ಡ್ರಮ್ಮನ್ನು ಬಗ್ಗಿಸಿ ಬಾಗಿಲಾಚೆ ಉರುಳಿಸಿದಳು.

"ಒಳ್ಳೆ ಹರಳು ತರಿಸಿ ಯಜಮಾನ್ರೇ," ಎಂದಳು. "ನಾಳೆ ಎಂಟು ಗಂಟೆಗೆ ನಾನು ಬರ್ತೀನಿ."